ಕಣ್ಣು ಮತ್ತು ನಿಲುವು: ದೃಶ್ಯಚಲನೆಯಿಂದ ದೇಹದ ಸಮತೋಲದ ಮೇಲಾಗುವ ಪರಿಣಾಮ

೧. ಪ್ರಸ್ತಾವನೆ

ಕನ್ನಡದಲ್ಲಿ ‘ನಿಲುವು’ ಎಂಬ ಪದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ದೇಹವು ನಿಂತಿರುವ ಭಂಗಿ ಎಂಬುದು ಒಂದು. ಯಾವುದಾದರೊಂದು ವಿಷಯವನ್ನು ಕುರಿತು ವ್ಯಕ್ತಿಯು ತಳೆದ ಅಭಿಪ್ರಾಯ ಎಂಬುದು ಇನ್ನೊಂದು. ಸಾಹಿತ್ಯ ವಿಮರ್ಶೆಯ ಭಾಷೆಯಲ್ಲಿ ಎರಡನೆಯ ಅರ್ಥವೇ ಪ್ರಧಾನವಾಗಿ, ಮೊದಲನೆಯದು ಹಿನ್ನೆಲೆಗೆ ಸರಿದಿದೆ. ಆದರೆ ಎರಡೂ ಅರ್ಥಗಳ ಹಿಂದೆ ಒಂದೇ ನಂಬಿಕೆ ಕೆಲಸ ಮಾಡುತ್ತದೆ. ನಿಲುವು ಎಂಬುದು ವ್ಯಕ್ತಿಯ ಒಳಗಿನಿಂದ ಹುಟ್ಟುವಂಥದು, ಸ್ಥಿರವಾದುದು, ಹೊರಗಿನ ಅಲುಗಾಟಕ್ಕೆ ಮಣಿಯದಿರುವುದೇ ಅದರ ಗುಣ ಎಂಬುದು ಆ ನಂಬಿಕೆ. ದೇಹದ ನಿಲುವನ್ನು ಕುರಿತು ಕಳೆದ ಒಂದೂವರೆ ಶತಮಾನದಲ್ಲಿ ನಡೆದಿರುವ ಸಂಶೋಧನೆಗಳು ಈ ನಂಬಿಕೆಯನ್ನು ಬಹುಮಟ್ಟಿಗೆ ತಿದ್ದಿವೆ. ನೆಲದ ಮೇಲೆ ಕದಲದೆ ನಿಂತ ಮನುಷ್ಯನ ದೇಹವು ಕಣ್ಣಿಗೆ ಕಾಣುವ ಜಗತ್ತಿನ ಚಲನೆಗೆ ಅನುಗುಣವಾಗಿ ಆತನ ಅರಿವಿಗೆ ಬಾರದೆಯೇ ವಾಲುತ್ತಿರುತ್ತದೆ ಎಂಬುದು ಈ ಸಂಶೋಧನೆಗಳ ಮುಖ್ಯ ಫಲಿತ.

ಈ ವಿಷಯವು ಶರೀರಶಾಸ್ತ್ರ ಹಾಗೂ ಮನೋವಿಜ್ಞಾನಗಳಿಗೆ ಸೇರಿದ್ದೆಂಬುದು ನಿಜ. ಆದರೂ ಇದರಲ್ಲಿ ಭಾಷೆಗೆ ಸಂಬಂಧಿಸಿದ ಒಂದು ಪ್ರಶ್ನೆ ಅಡಗಿದೆ. ಸಮತೋಲ ತಪ್ಪಿದ ಅನುಭವವನ್ನು ಹೊರಗಿನಿಂದ ನೋಡಿ ಪೂರ್ತಿಯಾಗಿ ತಿಳಿಯಲಾಗದು. ಅನುಭವಿಸಿದವರು ಅದನ್ನು ಮಾತಿನಲ್ಲಿ ಹೇಳಬೇಕು, ಕೇಳುವವರು ಆ ಮಾತನ್ನು ಸರಿಯಾಗಿ ಗ್ರಹಿಸಬೇಕು. ದೃಶ್ಯಚಲನೆಗೂ ದೇಹದ ನಿಲುವಿಗೂ ಇರುವ ಸಂಬಂಧವನ್ನು ವಿವರಿಸಿ, ಆ ಬೆಳಕಿನಲ್ಲಿ ಕನ್ನಡದ ಕೆಲವು ಮಾತುಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ನಿಲ್ಲುವುದೆಂಬ ಕ್ರಿಯೆ

‘ಸುಮ್ಮನೆ ನಿಂತಿದ್ದಾನೆ’ ಎಂಬ ಮಾತು ವ್ಯವಹಾರದಲ್ಲಿ ಸಹಜವಾದರೂ ದೇಹದ ಮಟ್ಟಿಗೆ ಅದು ನಿಜವಲ್ಲ. ಮನುಷ್ಯ ದೇಹವು ಎತ್ತರವಾದ, ಮೇಲ್ಭಾಗ ಭಾರವಾದ, ಎರಡು ಪಾದಗಳಷ್ಟೇ ಅಗಲದ ತಳಹದಿಯುಳ್ಳ ರಚನೆ. ಅದರ ಗುರುತ್ವಕೇಂದ್ರವು ಸೊಂಟದ ಮಟ್ಟದಲ್ಲಿದ್ದು, ಕಣಕಾಲಿನ ಕೀಲಿನ ಮೇಲೆ ತಲೆಕೆಳಗಾದ ಲೋಲಕದಂತೆ ದೇಹವು ನಿಂತಿರುತ್ತದೆ. ಇಂಥ ರಚನೆಯು ತನ್ನಷ್ಟಕ್ಕೆ ತಾನು ನಿಲ್ಲಲಾರದು. ಅದು ಮುಂದಕ್ಕೆ ವಾಲತೊಡಗಿದಾಗ ಮೀನಖಂಡದ ಸ್ನಾಯುಗಳು ಬಿಗಿದು ಹಿಂದಕ್ಕೆ ಎಳೆಯುತ್ತವೆ. ಹಿಂದಕ್ಕೆ ವಾಲಿದಾಗ ಮೊಣಕಾಲ ಕೆಳಗಿನ ಮುಂಭಾಗದ ಸ್ನಾಯುಗಳು ತಡೆಯುತ್ತವೆ. ಹೀಗೆ ಸಣ್ಣ ಪ್ರಮಾಣದ ತೂಗಾಟವು ಎಡೆಬಿಡದೆ ನಡೆದಿರುತ್ತದೆ. ಸ್ಥಿರವಾಗಿ ನಿಂತಿರುವುದೆಂದರೆ ಬೀಳುವ ಪ್ರಕ್ರಿಯೆಯನ್ನು ಪ್ರತಿಕ್ಷಣವೂ ತಡೆಯುತ್ತಿರುವುದು ಎಂದೇ ಅರ್ಥ.

ತಡೆಯಬೇಕಾದರೆ ದೇಹ ಯಾವ ಕಡೆಗೆ, ಎಷ್ಟು ವಾಲಿದೆ ಎಂಬ ವರದಿ ಮಿದುಳಿಗೆ ತಲುಪಬೇಕು. ಈ ವರದಿ ಮೂರು ಮೂಲಗಳಿಂದ ಬರುತ್ತದೆ. ಮೊದಲನೆಯದು ಅಂಗಾಲಿನ ಚರ್ಮ, ಸ್ನಾಯು ಮತ್ತು ಕೀಲುಗಳಲ್ಲಿರುವ ಸಂವೇದಕಗಳು. ಪಾದದ ಯಾವ ಭಾಗದ ಮೇಲೆ ಒತ್ತಡ ಹೆಚ್ಚಿದೆ, ಕಣಕಾಲು ಎಷ್ಟು ಬಾಗಿದೆ ಎಂಬುದನ್ನು ಇವು ತಿಳಿಸುತ್ತವೆ. ಎರಡನೆಯದು ಒಳಗಿವಿಯ ಸಮತೋಲಾಂಗ. ಇದರಲ್ಲಿರುವ ಮೂರು ಅರ್ಧವೃತ್ತಾಕಾರದ ನಾಳಗಳು ತಲೆಯ ತಿರುಗುವಿಕೆಯನ್ನೂ, ಸುಣ್ಣದ ಹರಳುಗಳನ್ನು ಹೊತ್ತ ಎರಡು ಚೀಲಗಳು ತಲೆಯ ವಾಲುವಿಕೆ ಮತ್ತು ನೇರ ಚಲನೆಯನ್ನೂ ಗುರುತಿಸುತ್ತವೆ. ಮೂರನೆಯದು ಕಣ್ಣು.

ಈ ಮೂರರಲ್ಲಿ ಯಾವುದೂ ಪರಿಪೂರ್ಣವಲ್ಲ ಎಂಬುದನ್ನು ಗಮನಿಸಬೇಕು. ನೆಲವೇ ವಾಲಿದ್ದರೆ ಅಥವಾ ಮೆತ್ತಗಿದ್ದರೆ ಪಾದದ ವರದಿ ತಪ್ಪಾಗುತ್ತದೆ. ಒಳಗಿವಿಯ ನಾಳಗಳಿಗೆ ವೇಗವು ಬದಲಾಗುವುದು ಮಾತ್ರ ತಿಳಿಯುತ್ತದೆ. ಒಂದೇ ವೇಗದ ಚಲನೆ ಮುಂದುವರಿದಾಗ ನಾಳದೊಳಗಿನ ದ್ರವವೂ ಅದೇ ವೇಗವನ್ನು ಪಡೆದು, ಸ್ವಲ್ಪ ಹೊತ್ತಿನಲ್ಲಿ ವರದಿ ನಿಂತುಹೋಗುತ್ತದೆ. ಸಮವೇಗದ ಚಲನೆಗೂ ನಿಶ್ಚಲತೆಗೂ ಇರುವ ಭೇದವನ್ನು ಒಳಗಿವಿಯು ಹೇಳಲಾರದು. ಈ ಕೊರತೆಯನ್ನು ತುಂಬುವ ಇಂದ್ರಿಯ ಕಣ್ಣು. ಆದರೆ ಕಣ್ಣಿಗೂ ತನ್ನದೇ ಆದ ಒಂದು ಸಂದಿಗ್ಧವಿದೆ.

೩. ದೋಣಿ, ಸೇತುವೆ, ಉಯ್ಯಾಲೆ

ಕಣ್ಣಿನ ಮುಂದೆ ದೃಶ್ಯವು ಸರಿದಾಗ ಅದಕ್ಕೆ ಎರಡು ಕಾರಣಗಳಿರಬಹುದು: ನೋಡುವವನು ಚಲಿಸಿರಬಹುದು, ಇಲ್ಲವೆ ನೋಡಿದ ವಸ್ತು ಚಲಿಸಿರಬಹುದು. ಅಕ್ಷಿಪಟಲದ ಮೇಲೆ ಮೂಡುವ ಬಿಂಬದ ಸರಿದಾಟ ಎರಡೂ ಸಂದರ್ಭಗಳಲ್ಲಿ ಒಂದೇ. ಈ ಸಂದಿಗ್ಧವನ್ನು ಭಾರತೀಯ ಖಗೋಳಶಾಸ್ತ್ರವು ಬಹಳ ಹಿಂದೆಯೇ ಗುರುತಿಸಿತ್ತು. ಕ್ರಿ.ಶ. ೪೯೯ರ ಕಾಲಮಾನವನ್ನು ಹೇಳುವ ‘ಆರ್ಯಭಟೀಯ’ದ ಗೋಲಪಾದದಲ್ಲಿ ಆರ್ಯಭಟನು ದೋಣಿಯ ದೃಷ್ಟಾಂತವೊಂದನ್ನು ಕೊಟ್ಟಿದ್ದಾನೆ. ಮುಂದಕ್ಕೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಅಚಲ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುತ್ತವೆ. ಅಂತೆಯೇ ಅಚಲವಾದ ನಕ್ಷತ್ರಗಳು ಪಶ್ಚಿಮಕ್ಕೆ ಸಾಗುವಂತೆ ತೋರುತ್ತವೆ ಎಂಬುದು ಅದರ ತಾತ್ಪರ್ಯ. ನೋಡುವವನು ತನ್ನ ಚಲನೆಯನ್ನು ಜಗತ್ತಿನ ಮೇಲೆ ಆರೋಪಿಸುವ ಬಗೆ ಇದು.

ಇದರ ವಿಲೋಮವೂ ಅಷ್ಟೇ ಪರಿಚಿತ. ಸೇತುವೆಯ ಮೇಲೆ ನಿಂತು ಕೆಳಗೆ ತುಂಬಿ ಹರಿಯುವ ಹೊಳೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದರೆ ಸೇತುವೆಯೇ ಪ್ರವಾಹಕ್ಕೆ ಎದುರಾಗಿ ಸಾಗತೊಡಗಿದಂತೆ ಭಾಸವಾಗುತ್ತದೆ. ನಿಲ್ದಾಣದಲ್ಲಿ ಪಕ್ಕದ ಹಳಿಯ ರೈಲು ಹೊರಟಾಗ ತಾವು ಕುಳಿತ ರೈಲೇ ಹೊರಟಿತೆಂದು ಭ್ರಮಿಸದ ಪ್ರಯಾಣಿಕರು ವಿರಳ. ಇಲ್ಲಿ ಜಗತ್ತಿನ ಚಲನೆಯನ್ನು ನೋಡುವವನು ತನ್ನ ಮೇಲೆ ಆರೋಪಿಸಿಕೊಳ್ಳುತ್ತಾನೆ. ಭೌತವಿಜ್ಞಾನಿ ಎರ್ನ್ಸ್ಟ್ ಮಾಖ್ ೧೮೭೫ರಲ್ಲಿ ಪ್ರಕಟಿಸಿದ, ಚಲನೆಯ ಸಂವೇದನೆಯನ್ನು ಕುರಿತ ಗ್ರಂಥದಲ್ಲಿ ಈ ಬಗೆಯ ಅನುಭವಗಳನ್ನು ಶಾಸ್ತ್ರೀಯವಾಗಿ ಚರ್ಚಿಸಿದರು. ಮುಂದೆ ೧೯೩೦ರಲ್ಲಿ ಫಿಶರ್ ಮತ್ತು ಕೊರ್ನ್‌ಮ್ಯುಲ್ಲರ್ ಎಂಬ ಜರ್ಮನ್ ಸಂಶೋಧಕರು ಇದಕ್ಕೆ ‘ವೆಕ್ಷನ್’ ಎಂಬ ಹೆಸರನ್ನು ಬಳಕೆಗೆ ತಂದರು. ಕನ್ನಡದಲ್ಲಿ ಇದನ್ನು ‘ಸ್ವಚಲನಾಭಾಸ’ ಎನ್ನಬಹುದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಆಭಾಸವು ಮನರಂಜನೆಯ ಸರಕೂ ಆಯಿತು. ೧೮೯೪ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ‘ದೆವ್ವದ ಉಯ್ಯಾಲೆ’ ಎಂಬ ಒಂದು ಆಕರ್ಷಣೆಯಿತ್ತು. ಪೀಠೋಪಕರಣಗಳಿಂದ ಸಜ್ಜಾದ ಒಂದು ಕೋಣೆಯ ನಡುವೆ ದೊಡ್ಡ ಉಯ್ಯಾಲೆಯೊಂದನ್ನು ತೂಗುಹಾಕಲಾಗಿತ್ತು. ಪ್ರೇಕ್ಷಕರು ಅದರಲ್ಲಿ ಕುಳಿತ ಮೇಲೆ ಅದು ತೂಗಾಡುತ್ತ, ಕೊನೆಗೆ ಪೂರ್ತಿಯಾಗಿ ಸುತ್ತು ಹೊಡೆದಂತೆ ಅವರಿಗೆ ಅನಿಸುತ್ತಿತ್ತು. ವಾಸ್ತವವಾಗಿ ಉಯ್ಯಾಲೆ ಬಹುಮಟ್ಟಿಗೆ ನಿಂತಲ್ಲೇ ಇದ್ದು, ಕೋಣೆಯೇ ಅದರ ಸುತ್ತ ತಿರುಗುತ್ತಿತ್ತು. ಭೌತವಿಜ್ಞಾನಿ ರಾಬರ್ಟ್ ವುಡ್ ೧೮೯೫ರಲ್ಲಿ ಮನೋವಿಜ್ಞಾನದ ಪತ್ರಿಕೆಯೊಂದರಲ್ಲಿ ಇದನ್ನು ವರ್ಣಿಸಿ, ಅನೇಕರಿಗೆ ತಲೆಸುತ್ತು ಮತ್ತು ಓಕರಿಕೆ ಉಂಟಾದುದನ್ನು ದಾಖಲಿಸಿದರು. ಕಣ್ಣಿಗೆ ಕಂಡುದು ಕೇವಲ ‘ತೋರಿಕೆ’ಯಾಗಿ ಉಳಿಯದೆ ಹೊಟ್ಟೆಯವರೆಗೂ ಇಳಿಯುತ್ತದೆ ಎಂಬುದಕ್ಕೆ ಇದೊಂದು ಸಾಕ್ಷ್ಯ.

೪. ದೃಶ್ಯಪ್ರವಾಹದ ಪರಿಕಲ್ಪನೆ

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಈ ಅನುಭವಗಳನ್ನು ಇಂದ್ರಿಯದ ವಂಚನೆಗಳೆಂದೇ ಪರಿಗಣಿಸಲಾಗುತ್ತಿತ್ತು. ಈ ದೃಷ್ಟಿಯನ್ನು ಬದಲಿಸಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಜೆ. ಗಿಬ್ಸನ್ ಪ್ರಮುಖರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರ ದೃಷ್ಟಿಸಾಮರ್ಥ್ಯವನ್ನು ಅಧ್ಯಯನ ಮಾಡಿದ ಅವರು, ೧೯೫೦ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮುಖ್ಯವಾದ ಒಂದು ವಿಚಾರವನ್ನು ಮಂಡಿಸಿದರು. ವ್ಯಕ್ತಿಯು ಮುಂದಕ್ಕೆ ಚಲಿಸಿದಾಗ ಅವನ ಸುತ್ತಲಿನ ಸಮಸ್ತ ದೃಶ್ಯವೂ ಒಂದು ನಿಯಮಕ್ಕೆ ಒಳಪಟ್ಟು ಹರಿಯುತ್ತದೆ. ಅವನು ಹೋಗುತ್ತಿರುವ ದಿಕ್ಕಿನ ಬಿಂದುವು ಸ್ಥಿರವಾಗಿದ್ದು, ಉಳಿದೆಲ್ಲವೂ ಆ ಬಿಂದುವಿನಿಂದ ಹೊರಕ್ಕೆ ಹಿಗ್ಗುತ್ತ ಪಕ್ಕಗಳಲ್ಲಿ ಹಿಂದಕ್ಕೆ ಸರಿಯುತ್ತದೆ. ಹತ್ತಿರದ ವಸ್ತುಗಳು ವೇಗವಾಗಿ, ದೂರದವು ನಿಧಾನವಾಗಿ ಸರಿಯುತ್ತವೆ. ಹಿಂದಕ್ಕೆ ಚಲಿಸಿದಾಗ ಈ ಪ್ರವಾಹವು ಒಳಮುಖವಾಗಿ ಕುಗ್ಗುತ್ತದೆ. ಇದೇ ‘ದೃಶ್ಯಪ್ರವಾಹ’.

ಈ ಪರಿಕಲ್ಪನೆಯ ಮಹತ್ವ ಇರುವುದು ಕಣ್ಣಿಗೆ ಅದು ಕೊಟ್ಟ ಹೊಸ ಸ್ಥಾನದಲ್ಲಿ. ಕಣ್ಣು ಹೊರಗಿನ ವಸ್ತುಗಳನ್ನು ತೋರಿಸುವ ಇಂದ್ರಿಯ, ತನ್ನ ದೇಹದ ಅರಿವು ಸ್ನಾಯು ಮತ್ತು ಕಿವಿಗಳಿಗೆ ಸೇರಿದ್ದು ಎಂಬ ಹಳೆಯ ವಿಭಜನೆಯನ್ನು ಗಿಬ್ಸನ್ ಒಪ್ಪಲಿಲ್ಲ. ಒಂದೇ ದೃಶ್ಯಪ್ರವಾಹವು ‘ಎದುರಿಗೆ ಏನಿದೆ’ ಎಂಬುದನ್ನೂ ‘ತಾನು ಎತ್ತ ಚಲಿಸುತ್ತಿದ್ದೇನೆ’ ಎಂಬುದನ್ನೂ ಏಕಕಾಲದಲ್ಲಿ ತಿಳಿಸುತ್ತದೆ. ಜಗತ್ತನ್ನು ನೋಡುವುದರ ಜೊತೆಗೇ ತನ್ನನ್ನು ಕಂಡುಕೊಳ್ಳುವುದೂ ನಡೆಯುತ್ತದೆ. ಪ್ರಕೃತ ವಿಷಯಕ್ಕೆ ಇದನ್ನು ಅನ್ವಯಿಸುವುದಾದರೆ, ನಿಂತ ವ್ಯಕ್ತಿಯ ಅತ್ಯಲ್ಪ ತೂಗಾಟವೂ ಅತ್ಯಲ್ಪವಾದ ದೃಶ್ಯಪ್ರವಾಹವನ್ನು ಉಂಟುಮಾಡುತ್ತದೆ. ಮಿದುಳು ಆ ಪ್ರವಾಹವನ್ನು ಶೂನ್ಯಕ್ಕೆ ತರಲು ಸ್ನಾಯುಗಳನ್ನು ನಿಯಂತ್ರಿಸುತ್ತದೆ.

೫. ತೂಗುವ ಕೋಣೆಯ ಪ್ರಯೋಗ

ಈ ವಿಚಾರವನ್ನು ನೇರವಾದ ಪರೀಕ್ಷೆಗೆ ಒಳಪಡಿಸಿದವರು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದ ಡೇವಿಡ್ ಲೀ ಮತ್ತು ಅವರ ಸಹೋದ್ಯೋಗಿಗಳು. ಅವರು ಸಿದ್ಧಪಡಿಸಿದ ಸಾಧನವು ಸರಳವಾದುದು. ಮೂರು ಗೋಡೆಗಳೂ ಒಂದು ಛಾವಣಿಯೂ ಇರುವ, ನೆಲವಿಲ್ಲದ ಪೆಟ್ಟಿಗೆಯಂಥ ಕೋಣೆಯನ್ನು ಮೇಲಿನಿಂದ ತೂಗುಬಿಡಲಾಗಿತ್ತು. ಅದರೊಳಗೆ ನಿಂತವರು ಕಟ್ಟಡದ ಗಟ್ಟಿ ನೆಲದ ಮೇಲೆಯೇ ನಿಂತಿರುತ್ತಿದ್ದರು. ಗೋಡೆಗಳು ಮಾತ್ರ ಹಿಂದಕ್ಕೂ ಮುಂದಕ್ಕೂ ಸದ್ದಿಲ್ಲದೆ ಸರಿಯಬಲ್ಲವಾಗಿದ್ದವು. ಪಾದ ಮತ್ತು ಒಳಗಿವಿಗಳ ವರದಿಯ ಪ್ರಕಾರ ದೇಹ ಸ್ಥಿರವಾಗಿದೆ. ಕಣ್ಣಿನ ವರದಿಯ ಪ್ರಕಾರ ಮಾತ್ರ ಅದು ಚಲಿಸುತ್ತಿದೆ. ಮೂರು ಸಾಕ್ಷಿಗಳಲ್ಲಿ ಒಂದನ್ನು ಉಳಿದೆರಡರ ವಿರುದ್ಧ ನಿಲ್ಲಿಸುವ ಏರ್ಪಾಡು ಇದು.

೧೯೭೪ರಲ್ಲಿ ಲೀ ಮತ್ತು ಎರಿಕ್ ಆರನ್ಸನ್ ಆಗಷ್ಟೇ ನಡೆಯಲು ಕಲಿತ, ೧೩ರಿಂದ ೧೬ ತಿಂಗಳ ವಯಸ್ಸಿನ ಮಕ್ಕಳನ್ನು ಈ ಕೋಣೆಯಲ್ಲಿ ನಿಲ್ಲಿಸಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಎದುರಿನ ಗೋಡೆಯು ಮಗುವಿನ ಕಡೆಗೆ ಸರಿದಾಗ ಮಗು ಹಿಂದಕ್ಕೆ ವಾಲಿತು, ತೂರಾಡಿತು, ಎಷ್ಟೋ ಬಾರಿ ಕುಳಿತಂತೆ ಬಿದ್ದೇಬಿಟ್ಟಿತು. ಗೋಡೆಯು ದೂರ ಸರಿದಾಗ ಮುಂದಕ್ಕೆ ಬಿದ್ದಿತು. ಇದರ ತರ್ಕವು ಸ್ಪಷ್ಟ. ಗೋಡೆ ಹತ್ತಿರ ಬಂದಾಗ ದೃಶ್ಯವು ಹಿಗ್ಗುತ್ತದೆ. ನಿಜಜೀವನದಲ್ಲಿ ಹಾಗೆ ಹಿಗ್ಗುವುದು ದೇಹ ಮುಂದಕ್ಕೆ ವಾಲಿದಾಗ. ಆದುದರಿಂದ ಮಗುವಿನ ದೇಹವು ಇಲ್ಲದ ವಾಲುವಿಕೆಯನ್ನು ಸರಿಪಡಿಸಲು ಹಿಂದಕ್ಕೆ ಎಳೆದುಕೊಂಡಿತು. ಇಲ್ಲದ ಬೀಳುವಿಕೆಯಿಂದ ಪಾರಾಗಲು ಹೋಗಿ ನಿಜವಾಗಿಯೇ ಬಿದ್ದಿತು.

ವಯಸ್ಕರು ಹೀಗೆ ಬೀಳುವುದಿಲ್ಲ. ಆದರೆ ಅವರೂ ಈ ಪ್ರಭಾವದಿಂದ ಮುಕ್ತರಲ್ಲ. ೧೯೭೫ರಲ್ಲಿ ಲೀ ಮತ್ತು ಲಿಷ್ಮನ್ ಪ್ರಕಟಿಸಿದ ಅಧ್ಯಯನದಲ್ಲಿ ಕೋಣೆಯನ್ನು ೬ ಮಿಲಿಮೀಟರಿನಷ್ಟು ಅಲ್ಪ ಪ್ರಮಾಣದಲ್ಲಿ ಲಯಬದ್ಧವಾಗಿ ತೂಗಿದಾಗಲೂ ವಯಸ್ಕರ ದೇಹಗಳು ಅದೇ ಲಯದಲ್ಲಿ ತೂಗಾಡಿದವು. ಕೋಣೆ ಚಲಿಸುತ್ತಿದೆ ಎಂಬುದಾಗಲಿ, ತಾವು ತೂಗುತ್ತಿದ್ದೇವೆ ಎಂಬುದಾಗಲಿ ಅವರ ಅರಿವಿಗೆ ಬಂದಿರಲಿಲ್ಲ. ತುದಿಗಾಲಿನ ಮೇಲೆ, ಕಿರಿದಾದ ತೊಲೆಯ ಮೇಲೆ, ಮೆತ್ತನೆಯ ಆಸರೆಯ ಮೇಲೆ ನಿಂತಾಗ, ಅಂದರೆ ಪಾದದ ವರದಿಯು ದುರ್ಬಲವಾದಾಗ, ಕಣ್ಣಿನ ಪ್ರಭಾವವು ಇನ್ನೂ ಹೆಚ್ಚಿತು.

ಈ ಸಂವೇದನಶೀಲತೆಯು ನಡಿಗೆಗಿಂತ ಮುಂಚಿನದು ಎಂಬುದನ್ನು ಅನಂತರದ ಸಂಶೋಧನೆಗಳು ತೋರಿಸಿವೆ. ೧೯೮೯ರಲ್ಲಿ ಬರ್ಟೆಂತಲ್ ಮತ್ತು ಬಾಯ್ ಎಂಬ ಸಂಶೋಧಕರು, ಇನ್ನೂ ನಡೆಯಲಾರದ ಶಿಶುಗಳನ್ನು ಕುಳ್ಳಿರಿಸಿ ನಡೆಸಿದ ಪ್ರಯೋಗದಲ್ಲಿ ಕೋಣೆಯ ಚಲನೆಗೆ ಮುಂಡವು ಪ್ರತಿಕ್ರಿಯಿಸುವುದನ್ನೂ ಅದು ವಯಸ್ಸಿನೊಂದಿಗೆ ಕ್ರಮಬದ್ಧವಾಗುವುದನ್ನೂ ಗುರುತಿಸಿದರು. ೨೦೦೦ದಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದು, ಹುಟ್ಟಿ ಮೂರು ದಿನವಾದ ಶಿಶುಗಳೂ ಎರಡು ಪಕ್ಕಗಳಲ್ಲಿ ಸರಿಯುವ ಬೆಳಕಿನ ಚಲನೆಗೆ ತಲೆಯನ್ನು ಹಿಂದಕ್ಕೆ ಒತ್ತುವ ಮೂಲಕ ಪ್ರತಿಕ್ರಿಯಿಸುತ್ತವೆ ಎಂಬುದನ್ನು ತೋರಿಸಿತು. ನಿಲ್ಲುವುದನ್ನು ಕಲಿಯುವುದೆಂದರೆ ಕಾಲುಗಳ ಬಲವನ್ನು ಗಳಿಸುವುದಷ್ಟೇ ಅಲ್ಲ. ಕಣ್ಣಿನ ವರದಿಗೂ ದೇಹದ ಚಲನೆಗೂ ನಂಟನ್ನು ಬೆಸೆಯುವುದೂ ಹೌದು.

೬. ಹಿನ್ನೆಲೆ ಮತ್ತು ದೂರ

ಎಲ್ಲ ದೃಶ್ಯಚಲನೆಯೂ ದೇಹವನ್ನು ವಾಲಿಸುವುದಿಲ್ಲ. ಎದುರಿನಲ್ಲಿ ಹಕ್ಕಿಯೊಂದು ಹಾರಿಹೋದರೆ ನಿಂತವರು ತೂರಾಡುವುದಿಲ್ಲ. ಹಾಗಿದ್ದರೆ ಯಾವ ಚಲನೆಯನ್ನು ಮಿದುಳು ತನ್ನದೆಂದು ಪರಿಗಣಿಸುತ್ತದೆ? ೧೯೭೩ರಲ್ಲಿ ಬ್ರಾಂಡ್ಟ್, ಡಿಖ್‌ಗಾನ್ಸ್ ಮತ್ತು ಕೋನಿಗ್ ಎಂಬ ಜರ್ಮನ್ ಸಂಶೋಧಕರು ದೃಷ್ಟಿಕ್ಷೇತ್ರದ ಅಂಚುಗಳಲ್ಲಿನ ಚಲನೆಯು ಸ್ವಚಲನಾಭಾಸವನ್ನು ಪ್ರಬಲವಾಗಿ ಉಂಟುಮಾಡುತ್ತದೆಂದು ಹೇಳಿದರು. ದೃಷ್ಟಿಕ್ಷೇತ್ರದ ನಡುಭಾಗದಲ್ಲಿನ ಚಲನೆಯೂ ಅದನ್ನು ಉಂಟುಮಾಡಬಲ್ಲದು, ಚಲಿಸುವ ಭಾಗವು ಹಿನ್ನೆಲೆಯಾಗಿ ಕಾಣುತ್ತದೆಯೇ ಎಂಬುದೂ ಮುಖ್ಯ ಎಂಬುದು ೧೯೮೦ರ ದಶಕದ ಅಧ್ಯಯನಗಳಿಂದ ಸ್ಪಷ್ಟವಾಯಿತು. ಅಂಚು ಮತ್ತು ನಡು ಎಂಬ ಸ್ಥಾನಭೇದಕ್ಕಿಂತ ಮುನ್ನೆಲೆ ಮತ್ತು ಹಿನ್ನೆಲೆ ಎಂಬ ಅರ್ಥಭೇದವು ಇಲ್ಲಿ ಹೆಚ್ಚಿನ ಪಾತ್ರ ವಹಿಸುತ್ತದೆ. ವಿಶಾಲವಾದ ಹಿನ್ನೆಲೆಯು ಅಚಲವಾಗಿರುತ್ತದೆ ಎಂಬುದು ಮಿದುಳಿನ ಗೃಹೀತ. ಮೋಡಗಳು ಸರಿಯುವಾಗ ಚಂದ್ರನೇ ಓಡುತ್ತಿರುವಂತೆ ಕಾಣುವುದಕ್ಕೂ ಇಂಥ ಗೃಹೀತವೇ ಕಾರಣವೆಂಬುದನ್ನು ಕಾರ್ಲ್ ಡುಂಕರ್ ೧೯೨೯ರಷ್ಟು ಹಿಂದೆಯೇ ವಿವೇಚಿಸಿದ್ದರು. ಪ್ರಕೃತಿಯಲ್ಲಿ ಈ ಗೃಹೀತವು ಬಹುಪಾಲು ಸರಿಯಾಗಿಯೇ ಇರುತ್ತದೆ, ಏಕೆಂದರೆ ಬೆಟ್ಟಗಳು ಮತ್ತು ಮರಗಳ ಸಾಲು ಒಟ್ಟಾಗಿ ಒಂದೇ ದಿಕ್ಕಿಗೆ ಸರಿಯುವುದು ನೋಡುವವನು ಚಲಿಸಿದಾಗ ಮಾತ್ರ. ಹೊಳೆ, ರೈಲು, ಚಲನಚಿತ್ರದ ದೊಡ್ಡ ಪರದೆ ಇವು ಅಪವಾದಗಳು.

ದೂರವೂ ಇಲ್ಲಿ ನಿರ್ಣಾಯಕವಾದ ಅಂಶ. ದೇಹವು ಪಕ್ಕಕ್ಕೆ ೨ ಸೆಂಟಿಮೀಟರು ವಾಲಿತೆಂದು ಭಾವಿಸೋಣ. ೧ ಮೀಟರು ದೂರದ ವಸ್ತುವಿನ ಬಿಂಬವು ಆಗ ಒಂದು ಡಿಗ್ರಿಗಿಂತ ತುಸು ಹೆಚ್ಚು ಸರಿಯುತ್ತದೆ. ವಸ್ತುವು ೫೦ ಮೀಟರು ದೂರದಲ್ಲಿದ್ದರೆ ಸರಿಯುವ ಕೋನವು ಅದರ ಐವತ್ತರಲ್ಲಿ ಒಂದು ಭಾಗ ಮಾತ್ರ. ಅದನ್ನು ಕಣ್ಣು ಗುರುತಿಸುವುದು ಕಷ್ಟ. ಎತ್ತರದ ಬಂಡೆಯ ಅಂಚಿನಲ್ಲಿ ನಿಂತವರಿಗೆ ಹತ್ತಿರದಲ್ಲಿ ನೋಡಲು ಸ್ಥಿರ ವಸ್ತುವೇ ಇರುವುದಿಲ್ಲ. ಕಣ್ಣಿನ ವರದಿ ಮಂಕಾಗಿ, ದೇಹದ ತೂಗಾಟ ಹೆಚ್ಚುತ್ತದೆ. ಎತ್ತರದಲ್ಲಿ ತಲೆ ತಿರುಗುವುದಕ್ಕೆ ಭಯವೊಂದೇ ಕಾರಣವಲ್ಲ, ಇಂಥದೊಂದು ಜ್ಯಾಮಿತೀಯ ಕಾರಣವೂ ಇದೆ ಎಂಬುದನ್ನು ಬ್ರಾಂಡ್ಟ್ ಮತ್ತು ಸಂಗಡಿಗರು ೧೯೮೦ರಲ್ಲಿ ಪ್ರತಿಪಾದಿಸಿದರು. ಹತ್ತಿರದ ಕಂಬವನ್ನೋ ಕಟಾಂಜನವನ್ನೋ ನೋಡಿದರೆ ಇಂಥ ತೂಗಾಟ ತಗ್ಗುವುದು ಇದೇ ಕಾರಣದಿಂದ.

೭. ಸಾಕ್ಷ್ಯಗಳ ತೂಕ ಮತ್ತು ಅದರ ಏರುಪೇರು

ಮೂರು ಇಂದ್ರಿಯಗಳ ವರದಿಗಳು ಒಂದಕ್ಕೊಂದು ಹೊಂದದಿದ್ದಾಗ ಮಿದುಳು ಏನು ಮಾಡುತ್ತದೆ ಎಂಬುದು ಮುಂದಿನ ಪ್ರಶ್ನೆ. ಅದು ಯಾವುದೇ ವರದಿಯನ್ನು ಪೂರ್ತಿಯಾಗಿ ನಂಬುವುದಿಲ್ಲ, ಪೂರ್ತಿಯಾಗಿ ತಳ್ಳಿಹಾಕುವುದೂ ಇಲ್ಲ. ಸಂದರ್ಭಕ್ಕೆ ತಕ್ಕಂತೆ ಪ್ರತಿಯೊಂದಕ್ಕೂ ಒಂದು ತೂಕವನ್ನು ನಿಗದಿಪಡಿಸುತ್ತದೆ. ಅಮೆರಿಕದ ರಾಬರ್ಟ್ ಪೀಟರ್ಕಾ ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಗಣಿತದ ಮೂಲಕ ನಿರೂಪಿಸಿತು. ಸುತ್ತಲಿನ ದೃಶ್ಯದ ಚಲನೆಯು ಅಲ್ಪವಾಗಿದ್ದಾಗ ಆರೋಗ್ಯವಂತರ ದೇಹವು ಅದನ್ನು ಹೆಚ್ಚಾಗಿ ಅನುಸರಿಸುತ್ತದೆ. ಚಲನೆಯು ದೊಡ್ಡದಾದಂತೆ ಕಣ್ಣಿಗೆ ಕೊಡುವ ತೂಕವನ್ನು ತಗ್ಗಿಸಿ ಉಳಿದ ಇಂದ್ರಿಯಗಳ ತೂಕವನ್ನು ಹೆಚ್ಚಿಸುತ್ತದೆ. ತೂಗುವ ಕೋಣೆಯಲ್ಲಿ ವಯಸ್ಕರು ಬೀಳದೆ ಉಳಿಯುವುದರ ರಹಸ್ಯ ಇಲ್ಲಿದೆ.

ಈ ಮರುಹಂಚಿಕೆ ಸಾಧ್ಯವಾಗಬೇಕಾದರೆ ಉಳಿದ ಸಾಕ್ಷಿಗಳು ಸಮರ್ಥವಾಗಿರಬೇಕು. ಅವು ದುರ್ಬಲವಾದಾಗ ಏನಾಗುತ್ತದೆಂಬುದನ್ನು ಬರ್ಲಿನ್ನಿನ ವೈದ್ಯ ಮೊರಿಟ್ಜ್ ರೋಂಬರ್ಗ್ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಕಂಡಿದ್ದರು. ಬೆನ್ನುಹುರಿಯ ರೋಗದಿಂದಾಗಿ ಕಾಲುಗಳ ಸ್ಥಿತಿಯ ಅರಿವನ್ನು ಕಳೆದುಕೊಂಡವರು ಕಣ್ಣು ತೆರೆದಿರುವಷ್ಟು ಹೊತ್ತು ನಿಲ್ಲುತ್ತಿದ್ದರು, ಮುಚ್ಚಿದೊಡನೆ ಬೀಳುತ್ತಿದ್ದರು. ಪಾದಗಳನ್ನು ಜೋಡಿಸಿ, ಕಣ್ಣು ಮುಚ್ಚಿಸಿ ನಿಲ್ಲಿಸುವ ಈ ಪರೀಕ್ಷೆಯು ಅವರ ಹೆಸರಿನಲ್ಲಿಯೇ ಇಂದಿಗೂ ಬಳಕೆಯಲ್ಲಿದೆ. ಇಂಥ ರೋಗಿಗಳು ಮುಖ ತೊಳೆಯಲೆಂದು ಕಣ್ಣು ಮುಚ್ಚಿದಾಗ ಮುಗ್ಗರಿಸುವುದು ವೈದ್ಯರಿಗೆ ಪರಿಚಿತವಾದ ಲಕ್ಷಣ. ಮಧುಮೇಹದಿಂದ ಅಂಗಾಲಿನ ನರಗಳು ಜಡವಾದವರ ವಿಷಯದಲ್ಲಿಯೂ ಇದೇ ಅಪಾಯವಿದೆ.

ವೃದ್ಧಾಪ್ಯದಲ್ಲಿ ಪಾದದ ಸಂವೇದನೆಯೂ ಒಳಗಿವಿಯ ಸೂಕ್ಷ್ಮತೆಯೂ ಕುಂದುತ್ತವೆ. ಆಗ ಕಣ್ಣಿನ ಮೇಲಿನ ಅವಲಂಬನೆ ಹೆಚ್ಚುತ್ತದೆ; ಆದರೆ ಕಣ್ಣೂ ಅದೇ ಕಾಲದಲ್ಲಿ ಮಂದವಾಗುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ನೀಡಿದ ಅಂದಾಜಿನಂತೆ ಪ್ರತಿವರ್ಷ ಜಗತ್ತಿನಲ್ಲಿ ಸುಮಾರು ೬,೮೪,೦೦೦ ಜನರು ಬೀಳುವಿಕೆಯಿಂದ ಸಾವನ್ನಪ್ಪುತ್ತಾರೆ. ಅವರಲ್ಲಿ ವೃದ್ಧರ ಪಾಲು ದೊಡ್ಡದು. ಇವೆಲ್ಲಕ್ಕೂ ದೃಶ್ಯಚಲನೆಯೇ ಕಾರಣವೆನ್ನಲಾಗದು. ಆದರೆ ಕಣ್ಣಿಗೂ ಸಮತೋಲಕ್ಕೂ ಇರುವ ನಂಟನ್ನು ಅರಿತರೆ ಕೆಲವು ಸಣ್ಣ ಎಚ್ಚರಗಳ ಮಹತ್ವ ತಿಳಿಯುತ್ತದೆ. ಓದಲೂ ದೂರ ನೋಡಲೂ ಒಂದೇ ಗಾಜಿನಲ್ಲಿ ಏರ್ಪಾಡಿರುವ ಕನ್ನಡಕಗಳು ಮೆಟ್ಟಿಲಿನ ಅಂಚನ್ನು ಮಸುಕಾಗಿಸಿ ಬೀಳುವ ಸಂಭವವನ್ನು ಹೆಚ್ಚಿಸುತ್ತವೆಂದು ೨೦೦೨ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಕಂಡುಕೊಂಡರು. ಊರುಗೋಲಿನ ಉಪಯೋಗವನ್ನೂ ಈ ದೃಷ್ಟಿಯಿಂದ ನೋಡಬೇಕು. ೧೯೯೪ರಲ್ಲಿ ಜೆಕಾ ಮತ್ತು ಲ್ಯಾಕ್ನರ್ ನಡೆಸಿದ ಪ್ರಯೋಗದಲ್ಲಿ, ದೇಹದ ಭಾರವನ್ನು ಹೊರಲಾರದಷ್ಟು ಹಗುರವಾಗಿ ಬೆರಳ ತುದಿಯನ್ನು ಸ್ಥಿರ ವಸ್ತುವಿಗೆ ತಾಗಿಸಿದರೂ ತೂಗಾಟವು ಗಮನಾರ್ಹವಾಗಿ ತಗ್ಗಿತು. ಕತ್ತಲಲ್ಲಿ ಗೋಡೆಯನ್ನು ಸವರಿಕೊಂಡು ನಡೆಯುವ ವೃದ್ಧರು ಗೋಡೆಯಿಂದ ಪಡೆಯುವುದು ಬರಿಯ ಆಸರೆಯನ್ನಲ್ಲ, ಕಣ್ಣು ಕೊಡಲಾಗದ ಮಾಹಿತಿಯನ್ನೂ ಪಡೆಯುತ್ತಾರೆ.

ಇನ್ನೊಂದು ಗುಂಪಿನವರ ತೊಂದರೆ ಇದಕ್ಕಿಂತ ಸೂಕ್ಷ್ಮವಾದುದು. ಒಳಗಿವಿಯ ಕಾಯಿಲೆಯಿಂದ ಚೇತರಿಸಿಕೊಂಡ ಕೆಲವರ ಮಿದುಳು ಕಾಯಿಲೆಯ ಕಾಲದಲ್ಲಿ ಕಣ್ಣಿಗೆ ಕೊಟ್ಟ ಹೆಚ್ಚಿನ ತೂಕವನ್ನು ಅನಂತರವೂ ಹಿಂಪಡೆಯುವುದಿಲ್ಲ. ಜನಜಂಗುಳಿ, ಸಾಮಾನುಗಳ ಸಾಲುಗಳಿರುವ ದೊಡ್ಡ ಅಂಗಡಿ, ವಾಹನಗಳ ಓಡಾಟ, ಪರದೆಯ ಮೇಲೆ ಸರಿಯುವ ಅಕ್ಷರಗಳು ಅವರಲ್ಲಿ ತಲೆಸುತ್ತನ್ನೂ ತೂರಾಟವನ್ನೂ ಉಂಟುಮಾಡುತ್ತವೆ. ಲಂಡನ್ನಿನ ನರತಜ್ಞ ಬ್ರಾನ್‌ಸ್ಟೈನ್ ೧೯೯೫ರಲ್ಲಿ ಇದನ್ನು ‘ದೃಶ್ಯಜನ್ಯ ತಲೆಸುತ್ತು’ ಎಂಬ ಅರ್ಥದ ಹೆಸರಿನಿಂದ ಕರೆದು ವಿವರಿಸಿದರು. ೨೦೧೭ರಲ್ಲಿ ಬಾರಾನಿ ಸೊಸೈಟಿ ಎಂಬ ಅಂತಾರಾಷ್ಟ್ರೀಯ ಸಂಘಟನೆಯು, ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಮುಂದುವರಿಯುವ, ದೃಶ್ಯಚಲನೆಯಿಂದ ಉಲ್ಬಣಿಸುವ ಇಂಥ ಸ್ಥಿತಿಯೊಂದಕ್ಕೆ ರೋಗನಿರ್ಣಯದ ಲಕ್ಷಣಗಳನ್ನು ನಿಗದಿಪಡಿಸಿತು. ಚಲಿಸುವ ದೃಶ್ಯಗಳನ್ನು ಹಂತಹಂತವಾಗಿ ರೂಢಿ ಮಾಡಿಸುವ ವ್ಯಾಯಾಮಗಳಿಂದ ಇಂಥವರಲ್ಲಿ ಸುಧಾರಣೆ ಕಾಣುವುದನ್ನು ೨೦೦೪ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವು ತೋರಿಸಿದೆ. ಹೆಸರಿಲ್ಲದಿದ್ದ ಕಾಲದಲ್ಲಿ ಇದು ಅಂಜುಬುರುಕುತನವೆಂದೋ ಮನಸ್ಸಿನ ಕಲ್ಪನೆಯೆಂದೋ ಸುಲಭವಾಗಿ ತಳ್ಳಿಹಾಕಬಹುದಾದ ತೊಂದರೆಯಾಗಿತ್ತು.

೮. ಕನ್ನಡದ ಮಾತು ಮತ್ತು ಅನುಭವದ ಭೇದ

ಇಲ್ಲಿ ಭಾಷೆಯ ಪ್ರಶ್ನೆ ಎದುರಾಗುತ್ತದೆ. ಅಮೆರಿಕದ ಡ್ರಾಕ್‌ಮನ್ ಮತ್ತು ಹಾರ್ಟ್ ಎಂಬ ವೈದ್ಯರು ೧೯೭೨ರಲ್ಲಿ ತಲೆಸುತ್ತಿನ ದೂರುಗಳನ್ನು ನಾಲ್ಕು ಬಗೆಗಳಾಗಿ ವಿಂಗಡಿಸಿದರು: ಸುತ್ತಲಿನದು ತಿರುಗಿದ ಅನುಭವ, ಮೂರ್ಛೆ ಬಂದೀತೆಂಬ ಅನುಭವ, ನಿಲ್ಲುವಾಗ ಅಥವಾ ನಡೆಯುವಾಗ ಹಿಡಿತ ತಪ್ಪುವ ಅನುಭವ, ಸ್ಪಷ್ಟವಾಗಿ ಹೇಳಲಾಗದ ತಲೆ ಹಗುರಾದಂಥ ಅನುಭವ. ಇಂಗ್ಲಿಷಿನಲ್ಲಿ ರೋಗಿಗಳು ಈ ಎಲ್ಲಕ್ಕೂ ಒಂದೇ ಪದವನ್ನು ಬಳಸುವುದರಿಂದ ಇಂಥ ವಿಂಗಡಣೆ ಅಗತ್ಯವಾಯಿತು.

ಕನ್ನಡದ ಆಡುಮಾತಿನಲ್ಲಿ ಈ ಭೇದಗಳಿಗೆ ಬೇರೆಬೇರೆ ನುಡಿಗಟ್ಟುಗಳು ಮೊದಲಿನಿಂದಲೂ ಇವೆ. ‘ತಲೆ ತಿರುಗುತ್ತದೆ’ ಎಂಬುದು ಸುತ್ತುವ ಅನುಭವವನ್ನು, ‘ಕಣ್ಣು ಕತ್ತಲೆ ಬರುತ್ತದೆ’ ಎಂಬುದು ಮೂರ್ಛೆಯ ಹೊಸ್ತಿಲನ್ನು, ‘ಜೋಲಿ ಹೊಡೆಯುತ್ತದೆ’ ಎಂಬುದು ನಿಲುವಿನ ಹಿಡಿತ ತಪ್ಪುವುದನ್ನು ಸೂಚಿಸುತ್ತವೆ. ‘ಬವಳಿ ಬರುವುದು’ ಎಂಬುದು ಸುತ್ತುವಿಕೆ ಮತ್ತು ಮೂರ್ಛೆಗಳೆರಡಕ್ಕೂ ನೆರೆಯಾದುದು. ದೇಹದ ಅಲುಗಾಟದಲ್ಲಿಯೂ ‘ವಾಲು’, ‘ಓಲಾಡು’, ‘ತೂರಾಡು’, ‘ತತ್ತರಿಸು’, ‘ಮುಗ್ಗರಿಸು’ ಎಂಬ ಕ್ರಿಯಾಪದಗಳು ಬೇರೆಬೇರೆ ಚಲನೆಗಳನ್ನು ಹೇಳುತ್ತವೆ. ಓಲಾಟಕ್ಕೆ ಲಯವಿದೆ, ತೂರಾಟಕ್ಕೆ ಇಲ್ಲ. ಮುಗ್ಗರಿಸುವುದಕ್ಕೆ ಮುಂದಕ್ಕೆ ಎಂಬ ದಿಕ್ಕಿದೆ. ಈ ಸಂಪತ್ತು ಬರವಣಿಗೆಗೆ ಬರುವಾಗ ‘ತಲೆಸುತ್ತು’ ಎಂಬ ಒಂದೇ ನಾಮಪದದಲ್ಲಿ ಕರಗಿಹೋಗುವುದು ಗಮನಾರ್ಹ. ಆರೋಗ್ಯ ಸಾಹಿತ್ಯವನ್ನು ಕನ್ನಡಕ್ಕೆ ತರುವವರು ಪರಭಾಷೆಯ ಪದಕ್ಕೆ ಒಂದು ಪದವನ್ನು ಹೊಂದಿಸಲು ಹೊರಟಾಗ, ಆಡುಮಾತು ಉಳಿಸಿಕೊಂಡಿರುವ ಭೇದಗಳು ಕಳೆದುಹೋಗುತ್ತವೆ.

ರೋಗಿಯ ವರ್ಣನೆಯೊಂದನ್ನೇ ನೆಚ್ಚಿಕೊಳ್ಳಬಾರದು, ತೊಂದರೆಯು ಎಷ್ಟು ಹೊತ್ತು ಇರುತ್ತದೆ, ಯಾವುದರಿಂದ ಕೆರಳುತ್ತದೆ ಎಂಬುದನ್ನೂ ಕೇಳಬೇಕೆಂಬುದು ಇತ್ತೀಚಿನ ವೈದ್ಯಕೀಯ ಅಭಿಪ್ರಾಯ. ಇದರಿಂದ ಭಾಷೆಯ ಮಹತ್ವವೇನೂ ಕಡಿಮೆಯಾಗದು. ‘ಏನಾಗುತ್ತದೆ’ ಎಂಬ ಪ್ರಶ್ನೆಯ ಜೊತೆಗೆ ‘ಯಾವಾಗ, ಏನನ್ನು ನೋಡಿದಾಗ’ ಎಂಬ ಪ್ರಶ್ನೆಯೂ ಸೇರುತ್ತದೆ. ಕಣ್ಣಿಗೂ ನಿಲುವಿಗೂ ಸಂಬಂಧವಿದೆ ಎಂಬ ತಿಳಿವಳಿಕೆ ಇಲ್ಲದಿದ್ದಲ್ಲಿ, ಸಂತೆಯಲ್ಲಿ ಜೋಲಿ ಹೊಡೆಯುವ ಅನುಭವವುಳ್ಳವರು ಸಂತೆಯ ಮಾತನ್ನು ವೈದ್ಯರ ಮುಂದೆ ಎತ್ತುವುದೇ ಇಲ್ಲ.

‘ಭ್ರಮೆ’ ಎಂಬ ಪದವನ್ನೂ ಈ ಸಂದರ್ಭದಲ್ಲಿ ಪರಿಶೀಲಿಸಬಹುದು. ಸಂಸ್ಕೃತದಲ್ಲಿ ‘ಭ್ರಮ’ ಎಂಬುದಕ್ಕೆ ಸುತ್ತುವಿಕೆ ಎಂಬುದು ಮೂಲಾರ್ಥ. ಪರಿಭ್ರಮಣ ಮೊದಲಾದ ಪದಗಳಲ್ಲಿ ಅದು ಉಳಿದಿದೆ. ಆಯುರ್ವೇದದಲ್ಲಿ ‘ಭ್ರಮ’ವೆಂದರೆ ತಲೆ ತಿರುಗುವ ವ್ಯಾಧಿ. ಕನ್ನಡದ ಬಳಕೆಯಲ್ಲಿ ಮಾತ್ರ ‘ಭ್ರಮೆ’ಯು ತಪ್ಪು ತಿಳ್ವಳಿಕೆ, ಇಲ್ಲದ್ದನ್ನು ಇದೆಯೆಂದು ನಂಬುವುದು ಎಂಬ ಅರ್ಥದಲ್ಲಿ ನೆಲೆಗೊಂಡಿದೆ. ದೇಹದ ಸುತ್ತುವಿಕೆ, ತಲೆಯ ಸುತ್ತುವಿಕೆ, ಬುದ್ಧಿಯ ತಪ್ಪು ಈ ಮೂರನ್ನೂ ಒಂದೇ ಧಾತುವು ಹೊತ್ತಿರುವುದು ಅರ್ಥಪೂರ್ಣವಾದರೂ, ರೋಗಿಯ ಅನುಭವಕ್ಕೆ ‘ಭ್ರಮೆ’ ಎಂಬ ಹೆಸರನ್ನು ಕೊಡುವಾಗ ಎಚ್ಚರ ಬೇಕು. ಸ್ವಚಲನಾಭಾಸದಲ್ಲಿ ಬುದ್ಧಿಯು ತಪ್ಪುವುದಿಲ್ಲ. ರೈಲು ನಿಂತಿದೆಯೆಂದು ತಿಳಿದ ಮೇಲೂ ಅದು ಚಲಿಸುತ್ತಿರುವಂತೆ ಅನ್ನಿಸಬಹುದು. ಇದನ್ನು ‘ಭ್ರಮೆ’ಯೆನ್ನುವುದಕ್ಕಿಂತ ‘ಆಭಾಸ’ವೆನ್ನುವುದು ಹೆಚ್ಚು ಸಮಂಜಸ.

೯. ಸಮಾರೋಪ

‘ಸಮತೋಲ’ ಎಂಬ ಪದದಲ್ಲಿರುವುದು ತಕ್ಕಡಿಯ ಚಿತ್ರ. ಎರಡು ತಟ್ಟೆಗಳು ಸರಿಸಮವಾಗಿ ನಿಂತ ಸ್ಥಿತಿಯನ್ನು ಅದು ಕಣ್ಣಿಗೆ ಕಟ್ಟಿಸುತ್ತದೆ. ನಿಂತ ದೇಹವು ಅಂಥ ನಿಶ್ಚಲ ಸ್ಥಿತಿಯನ್ನು ಎಂದೂ ಮುಟ್ಟುವುದಿಲ್ಲವಾದ್ದರಿಂದ ಆ ಚಿತ್ರವು ದೇಹಕ್ಕೆ ನೇರವಾಗಿ ಹೊಂದದು. ಆದರೆ ತಕ್ಕಡಿಯ ಇನ್ನೊಂದು ಕೆಲಸವಾದ ತೂಗುವುದು ಇಲ್ಲಿ ನಿಜವಾಗಿಯೂ ನಡೆಯುತ್ತದೆ. ಪಾದ, ಕಿವಿ, ಕಣ್ಣು ಎಂಬ ಮೂರು ಸಾಕ್ಷಿಗಳ ಹೇಳಿಕೆಗಳನ್ನು ಮಿದುಳು ಎಡೆಬಿಡದೆ ತೂಗಿ ನೋಡುತ್ತದೆ. ಒಬ್ಬರ ಮಾತು ಸಂಶಯಾಸ್ಪದವಾದಾಗ ಇನ್ನೊಬ್ಬರ ಮಾತಿಗೆ ಹೆಚ್ಚು ಬೆಲೆ ಕೊಡುತ್ತದೆ. ಮಗುವಿನಲ್ಲಿ ಈ ತೂಗುವ ಶಕ್ತಿ ಇನ್ನೂ ಬೆಳೆಯುತ್ತಿರುತ್ತದೆ, ವೃದ್ಧರಲ್ಲಿ ಅದಕ್ಕೆ ಬೇಕಾದ ಸಾಕ್ಷಿಗಳೇ ಕಡಿಮೆಯಾಗುತ್ತವೆ, ಕೆಲವು ರೋಗಿಗಳಲ್ಲಿ ಹಳೆಯ ತೂಕವು ಬದಲಾಗದೆ ಉಳಿಯುತ್ತದೆ. ಈ ಮೂರು ಸ್ಥಿತಿಗಳನ್ನೂ ಒಂದೇ ಸಿದ್ಧಾಂತದಿಂದ ವಿವರಿಸಲು ಸಾಧ್ಯವಾಗಿರುವುದು ಈ ಕ್ಷೇತ್ರದ ಸಂಶೋಧನೆಯ ಮುಖ್ಯ ಸಾಧನೆ.

ಒಟ್ಟಿನಲ್ಲಿ, ಕಣ್ಣು ಜಗತ್ತನ್ನು ತೋರಿಸುವ ಕಿಟಕಿ ಮಾತ್ರವಲ್ಲ, ದೇಹವನ್ನು ನಿಲ್ಲಿಸುವ ಅಂಗಗಳಲ್ಲಿ ಒಂದು. ಈ ಅರಿವನ್ನು ಕನ್ನಡದಲ್ಲಿ ಹೇಳಲು ಹೊಸ ಪರಿಭಾಷೆ ಕೆಲವೆಡೆ ಅಗತ್ಯ; ಆದರೆ ಬಹುತೇಕ ಕಡೆಗಳಲ್ಲಿ ಬೇಕಾದ ಮಾತುಗಳು ಜನರ ಬಾಯಲ್ಲಿ ಆಗಲೇ ಇವೆ. ತಲೆ ತಿರುಗುವುದು, ಕಣ್ಣು ಕತ್ತಲೆ ಬರುವುದು, ಜೋಲಿ ಹೊಡೆಯುವುದು, ಬವಳಿ ಬರುವುದು ಇವುಗಳ ಪ್ರಾದೇಶಿಕ ರೂಪಗಳನ್ನೂ ಅರ್ಥಛಾಯೆಗಳನ್ನೂ ಸಂಗ್ರಹಿಸಿ, ವೈದ್ಯರ ನೆರವಿನೊಂದಿಗೆ ಅವುಗಳ ಅರ್ಥವ್ಯಾಪ್ತಿಯನ್ನು ಗುರುತಿಸುವುದು ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕೆಲಸ. ನಿಘಂಟುಶಾಸ್ತ್ರಕ್ಕೆ ಅದರಿಂದ ಆಗುವ ಲಾಭ ಒಂದು ಕಡೆಗಿರಲಿ. ತನ್ನ ಮಾತಿನಲ್ಲಿಯೇ ತನ್ನ ತೊಂದರೆಯನ್ನು ಹೇಳಿಕೊಳ್ಳುವ ವೃದ್ಧರೊಬ್ಬರ ಮಾತು ಕೇಳುವವರಿಗೆ ಪೂರ್ಣಾರ್ಥದಲ್ಲಿ ತಲುಪುವುದಕ್ಕೆ ಅದು ನೆರವಾದೀತು.